ಜಾಮೀನಿನ ಮೇಲೆ ಬಾಳಿದ ವಿಜ್ಞಾನಿ

ಸಾಲದ ಕಾಗದ ಹಿಡಿದು ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದು, ಇಲ್ಲೊಂದು ಜಾಮೀನು ಸಹಿ ಹಾಕಿಕೊಡಿ ಎಂದು ಕೇಳಿದ್ದುಂಟೇ? ಕೇಳಿದವನು ಸ್ವಂತ ತಮ್ಮನೇ ಆದರೂ ಒಂದು ಗಳಿಗೆ ಕೈ ತಡೆಯುತ್ತದೆ. ನಾಳೆ ಅವನು ಕಂತು ಕಟ್ಟದಿದ್ದರೆ? ಹೊಲ, ಮನೆ, ಮಕ್ಕಳ ಓದು ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಹಣದ ಜಾಮೀನಿಗೇ ಇಷ್ಟು ಯೋಚಿಸುವ ನಾವು, ಒಬ್ಬ ಮನುಷ್ಯನ ನಡತೆಗೆ ಜಾಮೀನು ನಿಲ್ಲಬೇಕಾದರೆ ಏನು ಮಾಡಿಯೇವು? ಅದೂ ಸ್ಟಾಲಿನ್ನನ ರಷ್ಯದಲ್ಲಿ, ರಾಜದ್ರೋಹದ ಆಪಾದನೆ ಹೊತ್ತು ಸೆರೆಮನೆಯಲ್ಲಿರುವ ಮನುಷ್ಯನ ನಡತೆಗೆ?

1939ರ ಏಪ್ರಿಲ್ 26ರಂದು ಮಾಸ್ಕೋದಲ್ಲಿ ಪ್ಯೋತ್ರ್ ಕಪಿತ್ಸಾ ಎಂಬ ಭೌತವಿಜ್ಞಾನಿ ಅಂಥ ಒಂದು ಕಾಗದಕ್ಕೆ ಸಹಿ ಹಾಕಿದರು. ಗುಪ್ತ ಪೊಲೀಸರ ಮುಖ್ಯಸ್ಥ ಬೇರಿಯಾನಿಗೆ ಬರೆದ ಕಾಗದ ಅದು. ನನ್ನ ಸಂಸ್ಥೆಯಲ್ಲಿ ಈ ಮನುಷ್ಯ ಸರ್ಕಾರದ ವಿರುದ್ಧ ಏನೂ ಮಾಡದಂತೆ ನಾನು ಹೊಣೆ. ಹೊರಗೆ ಅಂಥದ್ದೇನಾದರೂ ನನ್ನ ಗಮನಕ್ಕೆ ಬಂದರೆ ಕೂಡಲೇ ತಿಳಿಸುತ್ತೇನೆ ಎಂಬುದು ಅದರ ಸಾರಾಂಶ. ಎರಡು ಮೂರು ದಿನಗಳಲ್ಲಿ ಸೆರೆಮನೆಯ ಬಾಗಿಲು ತೆರೆಯಿತು. ಹೊರಗೆ ಬಂದವರು 31 ವರ್ಷದ ಲೆವ್ ಲ್ಯಾಂಡೌ. ಒಳಗೆ ಒಂದು ವರ್ಷ ಕಳೆದಿದ್ದರು. ಸೊರಗಿ ಕಡ್ಡಿಯಾಗಿದ್ದರು.

ಲೋಹಗಳೊಳಗಿನ ಕಾಂತಗುಣವನ್ನೂ, ವಿದ್ಯುತ್ತು ಎಳ್ಳಷ್ಟೂ ಅಡ್ಡಿಯಿಲ್ಲದೆ ಹರಿಯುವ ಅತಿವಾಹಕತೆಯನ್ನೂ ಇಷ್ಟು ಆಳವಾಗಿ ಚಿಂತಿಸಿದವರು ಇಪ್ಪತ್ತನೆಯ ಶತಮಾನದಲ್ಲಿ ಕೆಲವರೇ. ಅವರ ಕಥೆಯನ್ನು ಹೇಳುವಾಗ ಇನ್ನೊಬ್ಬರ ಹೆಸರನ್ನೂ ಹೇಳದೆ ಇರಲಾಗದು. ಅವರಿಗೆ ಯಾರ ಜಾಮೀನೂ ಸಿಗಲಿಲ್ಲ. ಆ ಹೆಸರು ಮುಂದೆ ಬರುತ್ತದೆ.

ಲ್ಯಾಂಡೌ ಹುಟ್ಟಿದ್ದು 1908ರ ಜನವರಿ 22ರಂದು, ಕಾಸ್ಪಿಯನ್ ಸಮುದ್ರದ ದಡದ ಬಾಕು ನಗರದಲ್ಲಿ. ಎಣ್ಣೆಬಾವಿಗಳ ಊರು ಅದು. ಈಗ ಅಜರ್‌ಬೈಜಾನಿನ ರಾಜಧಾನಿ. ಯೆಹೂದಿ ಮನೆತನ. ತಂದೆ ಪೆಟ್ರೋಲಿಯಂ ಎಂಜಿನಿಯರ್, ತಾಯಿ ವೈದ್ಯೆ. ಹುಡುಗ ಹದಿಮೂರಕ್ಕೆಲ್ಲ ಶಾಲೆಯ ಓದು ಮುಗಿಸಿದ. ಅಷ್ಟು ಚಿಕ್ಕವನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವುದು ಹೇಗೆಂದು ಹಿರಿಯರು ಒಂದು ವರ್ಷ ಬೇರೊಂದು ಶಾಲೆಯಲ್ಲಿ ಕೂರಿಸಿದರು. 1922ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಬಾಕು ವಿಶ್ವವಿದ್ಯಾನಿಲಯ; 1924ರಲ್ಲಿ ಲೆನಿನ್‌ಗ್ರಾಡ್; 1927ರಲ್ಲಿ, ಹತ್ತೊಂಬತ್ತಕ್ಕೆ, ಪದವಿ. ನಮ್ಮ ಕಡೆಯ ತಾಯಂದಿರು ಇಂಥ ಮಗುವನ್ನು ಕಂಡರೆ ದೃಷ್ಟಿ ತೆಗೆಯುತ್ತಿದ್ದರೇನೋ. ಆದರೆ ಬಹಳ ಬೇಗ ಮುಂದಿನ ಬೆಂಚಿಗೆ ಹೋದ ಮಗುವಿನ ಕಷ್ಟವೂ ಅವರಿಗಿತ್ತು. ತಮಗಿಂತ ದೊಡ್ಡವರ ನಡುವೆ ಬೆಳೆದ ಬಡಕಲು ಹುಡುಗ ನಾಚಿಕೆಯನ್ನು ಮುಚ್ಚಿಕೊಳ್ಳಲು ನಾಲಿಗೆಯನ್ನು ಹರಿತ ಮಾಡಿಕೊಂಡ. ಆ ನಾಲಿಗೆಗೆ ಮುಂದೆ ಬಹಳ ಬೆಲೆ ತೆರಬೇಕಾಯಿತು.

1929ರಲ್ಲಿ ಹೊರದೇಶಕ್ಕೆ ಹೋಗುವ ಅವಕಾಶ ಒದಗಿತು. ಜರ್ಮನಿ, ಜ್ಯೂರಿಕ್, ಕೋಪನ್‌ಹೇಗನ್, ಕೇಂಬ್ರಿಜ್ ಎಂದು ಸುಮಾರು ಒಂದೂವರೆ ವರ್ಷದ ಸುತ್ತಾಟ. ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಪಾದದ ಬಳಿ ಕಲಿತದ್ದನ್ನು ಅವರು ಸಾಯುವ ತನಕ ನೆನೆದರು. ತನಗೊಬ್ಬ ಗುರುವಿದ್ದರೆ ಅದು ಬೋರ್ ಮಾತ್ರ ಎನ್ನುತ್ತಿದ್ದರು. ಕೇಂಬ್ರಿಜ್‌ನಲ್ಲಿ ಕಪಿತ್ಸಾ ಅವರ ಪರಿಚಯವಾಯಿತು. ರಷ್ಯದವರೇ ಆದ ಕಪಿತ್ಸಾ 1921ರಿಂದ ರುದರ್‌ಫರ್ಡ್ ಅವರ ಪ್ರಯೋಗಶಾಲೆಯಲ್ಲಿದ್ದು, ಹಿಂದೆ ಯಾರೂ ಉಂಟುಮಾಡದಷ್ಟು ಬಲವಾದ ಕಾಂತಕ್ಷೇತ್ರದಲ್ಲಿ ಲೋಹಗಳನ್ನಿಟ್ಟು ಪರೀಕ್ಷಿಸುತ್ತಿದ್ದರು.

1930ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಲ್ಯಾಂಡೌ ಲೋಹಗಳ ಕಾಂತಗುಣದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಲೋಹದೊಳಗೆ ಸ್ವೇಚ್ಛೆಯಾಗಿ ಓಡಾಡುವ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ ಏನಾಗುತ್ತದೆ? ಅವು ನೇರ ಹೋಗಲಾರದೆ ವೃತ್ತಾಕಾರದಲ್ಲಿ ಸುತ್ತತೊಡಗುತ್ತವೆ. ಹಳೆಯ ಲೆಕ್ಕದ ಪ್ರಕಾರ ಈ ಸುತ್ತಾಟದಿಂದ ಒಟ್ಟಾರೆ ಯಾವ ಕಾಂತಪರಿಣಾಮವೂ ಉಳಿಯಬಾರದು. ಆದರೆ ಹೊಸ ಕ್ವಾಂಟಮ್ ಶಾಸ್ತ್ರದಲ್ಲಿ ಆ ಸುತ್ತುಗಳು ಮನಬಂದಷ್ಟು ಶಕ್ತಿಯಲ್ಲಿ ಇರುವಂತಿಲ್ಲ. ಏಣಿಯ ಮೆಟ್ಟಿಲುಗಳಂತೆ ನಿಗದಿಯಾದ ಮಟ್ಟಗಳಲ್ಲಿ ಮಾತ್ರ ನಿಲ್ಲಬೇಕು. ಹಾಗೆ ಲೆಕ್ಕ ಹಾಕಿದಾಗ ಲೋಹವು ಹೊರಗಿನ ಕಾಂತಕ್ಷೇತ್ರವನ್ನು ಸ್ವಲ್ಪವೇ ಎದುರಿಸುವ ಗುಣವನ್ನು ತೋರಿಸಬೇಕೆಂದು ಲ್ಯಾಂಡೌ ಸಾಧಿಸಿದರು. ಆ ಮೆಟ್ಟಿಲುಗಳಿಗೆ ಇಂದಿಗೂ ಲ್ಯಾಂಡೌ ಮಟ್ಟಗಳೆಂದೇ ಹೆಸರು.

ಇಲ್ಲೊಂದು ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಬೇಕು. ಕ್ಷೇತ್ರವನ್ನು ಹೆಚ್ಚಿಸುತ್ತ ಹೋದಂತೆ ಲೋಹದ ಕಾಂತಗುಣ ಅಲೆಯಂತೆ ಏರಿ ಇಳಿಯಬೇಕು ಎಂಬುದು ಅದೇ ಲೆಕ್ಕದಿಂದ ಹೊರಡುತ್ತಿತ್ತು. ಲ್ಯಾಂಡೌ ಅದನ್ನು ಕಂಡರು. ಆದರೆ ಪ್ರಯೋಗದಲ್ಲಿ ಇದು ಕಾಣಸಿಗುವಂಥದ್ದಲ್ಲ, ಅಷ್ಟು ಏಕರೂಪದ ಕಾಂತಕ್ಷೇತ್ರ ಯಾರ ಬಳಿಯೂ ಇಲ್ಲ ಎಂದುಕೊಂಡು ಬಿಟ್ಟರು. ಅದೇ ವರ್ಷ ಹಾಲೆಂಡಿನ ಲೈಡನ್ ನಗರದಲ್ಲಿ ಬಿಸ್ಮತ್ ಲೋಹದ ಹರಳುಗಳಲ್ಲಿ ಅಂಥ ಅಲೆಗಳು ಕಂಡಿದ್ದವು. ಹರಳಿನ ವಿದ್ಯುತ್ ಪ್ರತಿರೋಧದಲ್ಲಿ ಆ ಏರಿಳಿತವನ್ನು ಡಿ ಹಾಸ್ ಅವರೊಡನೆ ಕಂಡವರು ಲೈಡನ್ನಿನಲ್ಲಿ ಕೆಲಸಕ್ಕಿದ್ದ ಒಬ್ಬ ರಷ್ಯನ್ ತರುಣ, ಲೆವ್ ಶುಬ್ನಿಕೋವ್. ಶುದ್ಧವಾದ ಹರಳುಗಳನ್ನು ಬೆಳೆಸುವುದರಲ್ಲಿ ಎತ್ತಿದ ಕೈ. ನಾನು ಮೊದಲು ಹೇಳಿದ ಹೆಸರು ಇದೇ.

ಇಬ್ಬರೂ ಸ್ವದೇಶಕ್ಕೆ ಮರಳಿ ಉಕ್ರೇನಿನ ಖಾರ್ಕೊವ್ ನಗರದ ಭೌತ ತಾಂತ್ರಿಕ ಸಂಸ್ಥೆಯಲ್ಲಿ ಜೊತೆಯಾದರು. 1932ರಿಂದ ಲ್ಯಾಂಡೌ ಅಲ್ಲಿನ ಸಿದ್ಧಾಂತ ವಿಭಾಗದ ಮುಖ್ಯಸ್ಥರು. ಶುಬ್ನಿಕೋವ್ ಅತಿಶೀತ ಪ್ರಯೋಗಶಾಲೆಯ ಮುಖ್ಯಸ್ಥರು. ಒಬ್ಬರು ಕಾಗದದ ಮೇಲೆ ಯೋಚಿಸುವವರು, ಇನ್ನೊಬ್ಬರು ಕೈಯಿಂದ ಮಾಡಿ ನೋಡುವವರು. ಒಳ್ಳೆಯ ಸ್ನೇಹಿತರಾದರು.

ಖಾರ್ಕೊವಿನ ಆ ಐದು ವರ್ಷಗಳು ಲ್ಯಾಂಡೌ ಅವರ ಬಾಳಿನ ಸುಗ್ಗಿಕಾಲ ಎಂದೇ ನನ್ನ ಎಣಿಕೆ. 1934ರಲ್ಲಿ ಪ್ರಬಂಧ ಮಂಡಿಸದೆಯೇ ಡಾಕ್ಟರೇಟ್ ದೊರಕಿತು. ತನ್ನ ಬಳಿ ಸಂಶೋಧನೆ ಮಾಡಬಯಸುವವರಿಗೆ ಅವರು ಒಂದು ಪರೀಕ್ಷೆ ಏರ್ಪಡಿಸಿದರು. ಅದರ ಹೆಸರು ಕನಿಷ್ಠ ಪಾಠ. ಹೆಸರು ಮಾತ್ರ ಕನಿಷ್ಠ! ಗಣಿತದಿಂದ ಆರಂಭವಾಗಿ ಭೌತಶಾಸ್ತ್ರದ ಎಲ್ಲ ಅಂಗಗಳನ್ನೂ ಅದು ಮುಟ್ಟುತ್ತಿತ್ತು. ಯಾವ ಹುಡುಗ ಬೇಕಾದರೂ ಬಂದು ಪರೀಕ್ಷೆ ಕೊಡಬಹುದಿತ್ತು. ಶಿಫಾರಸು ಬೇಕಿರಲಿಲ್ಲ, ಮೊದಲ ಗಣಿತ ಪರೀಕ್ಷೆಯನ್ನು ಸ್ವತಃ ಅವರೇ ತೆಗೆದುಕೊಳ್ಳುತ್ತಿದ್ದರು. 1961ರವರೆಗಿನ ಅಷ್ಟೂ ವರ್ಷಗಳಲ್ಲಿ ಪಾಸಾದವರು 43 ಜನ. ಅವರ ಹೆಸರುಗಳನ್ನು ಲ್ಯಾಂಡೌ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಹಾಗೆ ಮೊದಮೊದಲು ಪಾಸಾದ ಎವ್ಗೆನಿ ಲಿಫ್‌ಶಿಟ್ಸ್ ಅವರೊಡನೆ ಸೇರಿ ಭೌತಶಾಸ್ತ್ರದ ಒಂದು ಮಹಾ ಪಠ್ಯಮಾಲೆಯನ್ನು ಆರಂಭಿಸಿದರು. ಮುಂದೆ ಅದು ಹತ್ತು ಸಂಪುಟಗಳಾಗಿ ಬೆಳೆಯಿತು. ನಮ್ಮ ದೇಶದ ಎಂ.ಎಸ್ಸಿ. ವಿದ್ಯಾರ್ಥಿಗಳೂ ಅದನ್ನು ಓದಿ ಬೆವರಿಳಿಸಿದ್ದಾರೆ. ಲ್ಯಾಂಡೌ ಅವರಿಗೆ ಬರೆಯುವುದೆಂದರೆ ಆಗದು. ವಿಚಾರ ಅವರದು, ಲೇಖನಿ ಲಿಫ್‌ಶಿಟ್ಸ್ ಅವರದು.

1935ರಲ್ಲಿ ಈ ಗುರುಶಿಷ್ಯರು ಕಬ್ಬಿಣದ ಕಾಂತಗುಣದ ಬಗ್ಗೆ ಬರೆದರು. ಒಂದು ಕಬ್ಬಿಣದ ಮೊಳೆಯೊಳಗೆ ಕೋಟಿ ಕೋಟಿ ಪುಟ್ಟ ಅಯಸ್ಕಾಂತಗಳಿದ್ದರೂ ಅದು ಯಾಕೆ ತಾನಾಗಿ ಅಯಸ್ಕಾಂತವಾಗಿರುವುದಿಲ್ಲ? ಮೊಳೆಯ ಒಳಭಾಗ ಸಣ್ಣ ಸಣ್ಣ ವಲಯಗಳಾಗಿ ಹಂಚಿಹೋಗಿದ್ದು, ಒಂದೊಂದು ವಲಯ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ ಎಂದು ಫ್ರಾನ್ಸಿನ ವೈಸ್ 1907ರಲ್ಲೇ ಊಹಿಸಿದ್ದರು. ಲ್ಯಾಂಡೌ ಕೇಳಿದ್ದು ಬೇರೆ ಪ್ರಶ್ನೆ: ಈ ವಲಯಗಳ ನಡುವಿನ ಗಡಿ ಎಷ್ಟು ದಪ್ಪ, ಅದನ್ನು ಕಟ್ಟಲು ಎಷ್ಟು ಶಕ್ತಿಯ ಖರ್ಚು? ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಬೇಲಿ ಹಾಕಲು ಖರ್ಚಾಗುತ್ತದೆಯಲ್ಲವೇ? ಜಗಳ ತಪ್ಪಿಸಲು ಬೇಲಿ ಬೇಕು, ಆದರೆ ಖರ್ಚಿನ ದೆಸೆಯಿಂದ ಲೆಕ್ಕಕ್ಕಿಂತ ಹೆಚ್ಚು ಬೇಲಿ ಹಾಕುವವರಿಲ್ಲ. ಕಬ್ಬಿಣವೂ ಹಾಗೆಯೇ ಲೆಕ್ಕ ನೋಡಿ ತನ್ನನ್ನು ಪಾಲು ಮಾಡಿಕೊಳ್ಳುತ್ತದೆ ಎಂದು ಅವರು ತೋರಿಸಿದರು.

ಗಡಿಯ ಈ ವಿಚಾರವನ್ನೇ ಅವರು 1937ರಲ್ಲಿ ಅತಿವಾಹಕತೆಗೂ ಅನ್ವಯಿಸಿದರು. 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಅವರ ಪ್ರಯೋಗಶಾಲೆಯಲ್ಲಿ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿದಾಗ ಅದರ ವಿದ್ಯುತ್ ಪ್ರತಿರೋಧ ಇದ್ದಕ್ಕಿದ್ದಂತೆ ಮಾಯವಾಗಿತ್ತು. 1933ರಲ್ಲಿ ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ವಿಚಿತ್ರ ಕಂಡರು: ಅತಿವಾಹಕವಾದ ಲೋಹ ತನ್ನೊಳಗಿನ ಕಾಂತಕ್ಷೇತ್ರವನ್ನೂ ಹೊರಗಟ್ಟುತ್ತದೆ. ಹೊರಗಿನ ಕ್ಷೇತ್ರ ಬಲವಾದರೆ ಲೋಹ ಸೋತು ಸಾಧಾರಣ ಸ್ಥಿತಿಗೆ ಮರಳುತ್ತದೆ. ಈ ಸೋಲು ಗೆಲುವಿನ ನಡುವೆ ಅತಿವಾಹಕ ಭಾಗಗಳೂ ಸಾಧಾರಣ ಭಾಗಗಳೂ ಪದರ ಪದರವಾಗಿ, ನಡುವೆ ಗಡಿಗಳನ್ನಿಟ್ಟುಕೊಂಡು ಇರುತ್ತವೆ ಎಂದರು ಲ್ಯಾಂಡೌ. ಇಲ್ಲಿಯೂ ಬೇಲಿಗೆ ಖರ್ಚುಂಟು ಎಂಬುದೇ ಅವರ ಆಧಾರ.

ಅತ್ತ ಶುಬ್ನಿಕೋವ್ ತಮ್ಮ ಪ್ರಯೋಗಶಾಲೆಯಲ್ಲಿ ಶುದ್ಧ ಲೋಹಗಳಷ್ಟೇ ಸಾಲದೆಂದು ಸೀಸದೊಡನೆ ಥ್ಯಾಲಿಯಂ, ಇಂಡಿಯಂ ಬೆರೆಸಿದ ಮಿಶ್ರಲೋಹಗಳನ್ನು ಪರೀಕ್ಷಿಸಿದರು. ಅವುಗಳ ನಡವಳಿಕೆಯೇ ಬೇರೆಯಾಗಿತ್ತು. ಕಾಂತಕ್ಷೇತ್ರ ಒಂದು ಮಿತಿ ದಾಟಿದಾಗ ಮೆಲ್ಲಗೆ ಒಳನುಸುಳುತ್ತಿತ್ತು. ಆದರೂ ಲೋಹ ಅತಿವಾಹಕವಾಗಿಯೇ ಉಳಿಯುತ್ತಿತ್ತು. ಬಹಳ ದೊಡ್ಡ ಕ್ಷೇತ್ರಕ್ಕೆ ಮಾತ್ರ ಸೋಲುತ್ತಿತ್ತು. ಬೇರೆಯವರು ಇಂಥದ್ದನ್ನು ಕಂಡಾಗ ಲೋಹದ ಹೊಲಸು, ಕಲಬೆರಕೆಯ ದೋಷ ಎಂದು ತಳ್ಳಿಹಾಕುತ್ತಿದ್ದರು. ಶುಬ್ನಿಕೋವ್ ಅವರ ಹರಳುಗಳು ಅಷ್ಟು ಶುದ್ಧವಾಗಿ ಬೆರೆತವು, ಆ ಮಾತು ಅಲ್ಲಿ ಸಲ್ಲುವಂತಿರಲಿಲ್ಲ. ಈ ಅಳತೆಗಳು 1936 ಮತ್ತು 1937ರಲ್ಲಿ ಪ್ರಕಟವಾದವು.

ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. 1936ರ ಕೊನೆಯಲ್ಲಿ ಖಾರ್ಕೊವ್ ವಿಶ್ವವಿದ್ಯಾನಿಲಯ ಲ್ಯಾಂಡೌ ಅವರನ್ನು ಅಧ್ಯಾಪಕ ಹುದ್ದೆಯಿಂದ ತೆಗೆದುಹಾಕಿತು. ಹರಿತ ನಾಲಿಗೆಯವರಿಗೆ ಶತ್ರುಗಳಿಗೇನು ಬರ. ಆಗ ಶುಬ್ನಿಕೋವ್, ಲಿಫ್‌ಶಿಟ್ಸ್ ಮುಂತಾದ ಗೆಳೆಯರು ಪ್ರತಿಭಟಿಸಿ ತಾವೂ ರಾಜೀನಾಮೆ ಬರೆದುಕೊಟ್ಟರು. ಓದುಗರೇ, ಇದೂ ಒಂದು ಜಾಮೀನೇ ಅಲ್ಲವೇ? ಆ ದೇಶದಲ್ಲಿ, ಆ ವರ್ಷದಲ್ಲಿ, ಸಹೋದ್ಯೋಗಿಗಾಗಿ ಒಟ್ಟಾಗಿ ಕೆಲಸ ಬಿಡುವುದನ್ನು ಸರ್ಕಾರದ ವಿರುದ್ಧದ ಮುಷ್ಕರವೆಂದು ಎಣಿಸಲಾಯಿತು. 1937ರ ಆರಂಭದಲ್ಲಿ ಲ್ಯಾಂಡೌ ಮಾಸ್ಕೋಗೆ, ಕಪಿತ್ಸಾ ಅವರ ಭೌತ ಸಮಸ್ಯೆಗಳ ಸಂಸ್ಥೆಗೆ ಹೋಗಿ ಸೇರಿದರು. ಶುಬ್ನಿಕೋವ್ ಖಾರ್ಕೊವಿನಲ್ಲೇ ಉಳಿದರು. ಆ ವರ್ಷದ ಆಗಸ್ಟ್‌ನಲ್ಲಿ ಅವರನ್ನು ಬಂಧಿಸಿದರು. ನವೆಂಬರ್ 10ರಂದು ಗುಂಡಿಟ್ಟು ಕೊಂದರು. ವಯಸ್ಸು 36. ಅವರ ಮೇಲಿನ ಆಪಾದನೆಗಳಲ್ಲಿ ಆ ಮುಷ್ಕರವೂ ಸೇರಿತ್ತು. ಅದೇ ಸಂಸ್ಥೆಯ ರೋಜೆನ್‌ಕೆವಿಚ್, ಗೊರ್ಸ್ಕಿ ಎಂಬ ವಿಜ್ಞಾನಿಗಳಿಗೂ ಅದೇ ಗತಿಯಾಯಿತು. ಶುಬ್ನಿಕೋವ್ ಸತ್ತ ನಿಜವಾದ ದಿನ ದಶಕಗಳವರೆಗೆ ಹೊರಗೆ ಬರಲಿಲ್ಲ. 1945ರಲ್ಲಿ ತೀರಿಕೊಂಡರೆಂದು ಸುಳ್ಳು ದಾಖಲೆ ಹುಟ್ಟಿಸಲಾಗಿತ್ತು.

ಮಾಸ್ಕೋದಲ್ಲಿ ಲ್ಯಾಂಡೌ ಕೂಡ ಹೆಚ್ಚು ದಿನ ನೆಮ್ಮದಿಯಾಗಿರಲಿಲ್ಲ. 1938ರ ಮೇ ದಿನದ ಮೆರವಣಿಗೆಯಲ್ಲಿ ಹಂಚಲೆಂದು ಕೊರೆಟ್ಸ್ ಎಂಬ ಗೆಳೆಯ ಒಂದು ಕರಪತ್ರ ಬರೆದಿದ್ದರು. ಸ್ಟಾಲಿನ್ ಸಮಾಜವಾದಕ್ಕೇ ದ್ರೋಹ ಬಗೆದಿದ್ದಾನೆ, ಹಿಟ್ಲರ್ ಮುಸೊಲಿನಿಗಳ ಸಾಲಿಗೆ ಸೇರಿದ್ದಾನೆ ಎಂಬುದು ಅದರ ಒಕ್ಕಣೆ. ಲ್ಯಾಂಡೌ ಅದಕ್ಕೆ ಸಮ್ಮತಿಸಿದ್ದರೆಂದು ಪೊಲೀಸ್ ಕಡತ ಹೇಳುತ್ತದೆ. ಹಂಚುವ ಮೊದಲೇ, ಏಪ್ರಿಲ್ 28ರಂದು, ಅವರನ್ನು ಹಿಡಿದರು. ತನಿಖೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಬೆದರಿಸಿ, ಕೆಲವು ತಿಂಗಳಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಕೊರೆಟ್ಸ್ ಬಹಳ ವರ್ಷ ಶ್ರಮಶಿಬಿರಗಳಲ್ಲಿ ಸವೆದರು, ಆದರೂ ಬದುಕಿ ಬಂದರು.

ಬಂಧನದ ದಿನವೇ ಕಪಿತ್ಸಾ ನೇರವಾಗಿ ಸ್ಟಾಲಿನ್ನನಿಗೆ ಪತ್ರ ಬರೆದರು. ಅದರಲ್ಲಿ ಗೆಳೆಯನನ್ನು ಹೊಗಳಿ ಹಾಡಲಿಲ್ಲ. ಲ್ಯಾಂಡೌ ಅವರ ಸ್ವಭಾವ ಕೆಟ್ಟದ್ದು, ಅವರು ಜಗಳಗಂಟ, ಇತರರ ತಪ್ಪು ಹುಡುಕುವುದರಲ್ಲಿ ಅವರಿಗೆ ಖುಷಿ, ಅದರಿಂದ ಶತ್ರುಗಳನ್ನು ಮಾಡಿಕೊಂಡಿದ್ದಾರೆ ಎಂದು ಒಪ್ಪಿಕೊಂಡು, ಆದರೂ ಅವರು ಅಪ್ರಾಮಾಣಿಕ ಕೆಲಸ ಮಾಡಿದ್ದನ್ನು ತಾನು ಕಂಡಿಲ್ಲ ಎಂದರು. ನನಗೆ ಈ ಪತ್ರದಲ್ಲಿ ಬಹಳ ಹಿಡಿಸಿದ್ದು ಇದೇ. ಸುಳ್ಳು ಹೇಳಿ ಕಾಪಾಡಲು ಹೊರಡಲಿಲ್ಲ. ಉತ್ತರ ಬರಲಿಲ್ಲ. ಡೆನ್ಮಾರ್ಕಿನಿಂದ ಬೋರ್ ಕೂಡ ಸ್ಟಾಲಿನ್ನನಿಗೆ ಬರೆದರು. ಒಂದು ವರ್ಷ ಕಳೆಯುತ್ತಿದ್ದಾಗ ಕಪಿತ್ಸಾ ಪ್ರಧಾನಿ ಮೊಲೊಟೊವ್‌ಗೆ ಇನ್ನೊಂದು ಪತ್ರ ಬರೆದು, ಹೀಲಿಯಂ ದ್ರವ ಅತಿಶೀತದಲ್ಲಿ ಎಳ್ಳಷ್ಟೂ ಅಂಟಿಲ್ಲದೆ ಹರಿಯುವುದನ್ನು ತಾನು ಕಂಡುಹಿಡಿದಿರುವುದಾಗಿಯೂ, ಅದನ್ನು ವಿವರಿಸಲು ಲ್ಯಾಂಡೌ ಒಬ್ಬರ ನೆರವೇ ಬೇಕೆಂದೂ ತಿಳಿಸಿದರು. ಕಪಿತ್ಸಾ ಅವರೂ ಸ್ವತಂತ್ರರಾಗಿರಲಿಲ್ಲವೆಂಬುದು ನಿಮಗೆ ತಿಳಿದಿರಲಿ. 1934ರಲ್ಲಿ ರಜೆಗೆಂದು ಬಂದವರನ್ನು ಕೇಂಬ್ರಿಜ್‌ಗೆ ಮರಳಲು ಬಿಡದೆ ಸರ್ಕಾರವೇ ಹಿಡಿದಿಟ್ಟುಕೊಂಡಿತ್ತು. ಕೊನೆಗೆ ಜಾಮೀನಿನ ಕಾಗದ. ಅದನ್ನು ಆಗಲೇ ಹೇಳಿದ್ದೇನೆ.

ಈ ನಡುವೆ ನಡೆದ ಒಂದು ಸಣ್ಣ ಸಂಗತಿ. ಕೇಂಬ್ರಿಜ್‌ನ ಡೇವಿಡ್ ಶೋನ್‌ಬರ್ಗ್ 1937-38ರಲ್ಲಿ ಮಾಸ್ಕೋದಲ್ಲಿದ್ದು, ಲೈಡನ್ನಿನಲ್ಲಿ ಕಂಡ ಆ ಕಾಂತಗುಣದ ಅಲೆಗಳನ್ನೇ ಬಿಸ್ಮತ್ತಿನಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ಅಳೆಯುತ್ತಿದ್ದರು. ಎಂಟು ವರ್ಷ ಹಿಂದೆ ಕಾಣಲಾರದ್ದೆಂದು ತಾವೇ ಬಿಟ್ಟಿದ್ದ ಅಲೆಗಳಿಗೆ ಲ್ಯಾಂಡೌ ಈಗ ಪೂರ್ಣವಾದ ಸೂತ್ರ ಬರೆದುಕೊಟ್ಟರು. ಅಷ್ಟರಲ್ಲಿ ಬಂಧನವಾಯಿತು. ಶೋನ್‌ಬರ್ಗ್ ಆ ಸೂತ್ರವನ್ನು ಇಂಗ್ಲೆಂಡಿಗೆ ಒಯ್ದು, 1939ರಲ್ಲಿ ತಮ್ಮ ಪ್ರಬಂಧದ ಅನುಬಂಧವಾಗಿ, ಲ್ಯಾಂಡೌ ಅವರ ಹೆಸರು ಹೇಳಿಯೇ ಪ್ರಕಟಿಸಿದರು.

ಹೊರಬಂದ ಲ್ಯಾಂಡೌ ಕೊಟ್ಟ ಮಾತನ್ನು ಉಳಿಸಿದರು. ಹೀಲಿಯಂ ಕುರಿತ ಸಿದ್ಧಾಂತ 1941ರಲ್ಲಿ ಪ್ರಕಟವಾಯಿತು. 1946ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಮೂರು ಬಾರಿ ಸ್ಟಾಲಿನ್ ಬಹುಮಾನ. ಅವರನ್ನು ಸೆರೆಯಲ್ಲಿಟ್ಟ ಮನುಷ್ಯನ ಹೆಸರಿನ ಬಹುಮಾನ! ಅಣುಬಾಂಬಿನ ಲೆಕ್ಕಗಳನ್ನೂ ಮಾಡಿಕೊಡಬೇಕಾಯಿತು, ಮನಸ್ಸಿರಲಿಲ್ಲ. 1953ರಲ್ಲಿ ಸ್ಟಾಲಿನ್ ಸತ್ತ ಕೂಡಲೇ ಆ ಕೆಲಸದಿಂದ ಹೊರಗೆ ಬಂದರು. ತಾನೊಬ್ಬ ವಿದ್ಯಾವಂತ ಗುಲಾಮ ಎಂದು ಆಪ್ತರಲ್ಲಿ ಹೇಳಿಕೊಂಡದ್ದನ್ನು ಗುಪ್ತ ಪೊಲೀಸರು ಕದ್ದು ಕೇಳಿ ಬರೆದಿಟ್ಟರು. ಕಪಿತ್ಸಾ 1946ರಲ್ಲಿ ಬೇರಿಯಾನ ಎದುರು ನಿಂತು, ತಾವೇ ಕಟ್ಟಿದ ಸಂಸ್ಥೆಯ ನಿರ್ದೇಶಕ ಸ್ಥಾನ ಕಳೆದುಕೊಂಡರು. ಅದು ಮತ್ತೆ ದೊರೆತದ್ದು 1955ರಲ್ಲಿ.

1950ರಲ್ಲಿ ಲ್ಯಾಂಡೌ ವಿಟಾಲಿ ಗಿಂಜ್‌ಬರ್ಗ್ ಅವರೊಡನೆ ಅತಿವಾಹಕತೆಯ ಹೊಸ ಸಿದ್ಧಾಂತ ಮಂಡಿಸಿದರು. ಲೋಹದ ಯಾವ ಭಾಗದಲ್ಲಿ ಅತಿವಾಹಕ ಗುಣ ಎಷ್ಟಿದೆ ಎಂಬುದನ್ನು ಒಂದೇ ಒಂದು ಪರಿಮಾಣದಿಂದ ಸೂಚಿಸಿ, ಅದು ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆ ಎಂದು ಹೇಳುವ ಸಮೀಕರಣಗಳು ಅವು. ಅತಿವಾಹಕತೆ ಯಾಕೆ ಹುಟ್ಟುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಮೆರಿಕದ ಬಾರ್ಡೀನ್, ಕೂಪರ್, ಶ್ರೀಫರ್ ತಿಳಿಸಿದ್ದು 1957ರಲ್ಲಿ. ಕಾರಣ ತಿಳಿಯದೆಯೇ ನಡತೆಯನ್ನು ಇಷ್ಟು ಸರಿಯಾಗಿ ವಿವರಿಸಿದ್ದು ಲ್ಯಾಂಡೌ ಅವರ ವಿಶೇಷ ಪ್ರತಿಭೆ. ಈ ಸಿದ್ಧಾಂತದಲ್ಲಿಯೂ ಬೇಲಿಯ ಲೆಕ್ಕವೇ ಮುಖ್ಯ. ಸಮೀಕರಣದ ಒಂದು ಅಂಕಿ ಚಿಕ್ಕದಿದ್ದರೆ ಗಡಿಗೆ ಖರ್ಚು. ಅದೇ ಅಂಕಿ ಒಂದು ಮಿತಿಗಿಂತ ದೊಡ್ಡದಾದರೆ ಗಡಿಯಿಂದ ಲಾಭ! ಬೇಲಿಯೇ ಫಲ ಬಿಡುವುದಾದರೆ ಯಾವ ರೈತ ತಾನೇ ಹೊಲದ ತುಂಬ ಬೇಲಿ ಹಾಕುವುದಿಲ್ಲ? ಲ್ಯಾಂಡೌ, ಗಿಂಜ್‌ಬರ್ಗ್ ಇಬ್ಬರೂ ಈ ಎರಡನೆಯ ಸಾಧ್ಯತೆಯನ್ನು ಕಂಡರು. ಅಂಥ ಲೋಹ ತಿಳಿದಿಲ್ಲವೆಂದು ಅದರ ವಿಚಾರಣೆ ಬೇಡವೆಂದುಬಿಟ್ಟರು.

ಅಂಥ ಲೋಹ ತಿಳಿದಿತ್ತು. ಹದಿಮೂರು ವರ್ಷ ಹಿಂದೆ ಶುಬ್ನಿಕೋವ್ ಅಳೆದಿಟ್ಟಿದ್ದರು.

ಲ್ಯಾಂಡೌ ಅವರ ಶಿಷ್ಯ ಅಲೆಕ್ಸೆಯ್ ಅಬ್ರಿಕೊಸೊವ್ ಈ ಎರಡನೆಯ ಬಗೆಯನ್ನು ಹಿಡಿದು ಮುಂದೆ ಹೋದರು. ಅಂಥ ಲೋಹದಲ್ಲಿ ಕಾಂತಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ, ಅಚ್ಚುಕಟ್ಟಾದ ಸಾಲುಗಳಲ್ಲಿ ಒಳಹೊಗುತ್ತದೆ ಎಂದು 1953ರಲ್ಲಿ ಲೆಕ್ಕ ಹಾಕಿ ಗುರುವಿಗೆ ತೋರಿಸಿದರು. ಗುರು ಒಪ್ಪಲಿಲ್ಲ. ಶಿಷ್ಯ ಕಾಗದಗಳನ್ನು ಮೇಜಿನ ಡ್ರಾಯರಿಗೆ ಸೇರಿಸಿದರು. ಎರಡು ವರ್ಷದ ಬಳಿಕ ಅಮೆರಿಕದ ಫೈನ್‌ಮನ್ ಹೀಲಿಯಂ ದ್ರವದಲ್ಲಿ ಅಂಥವೇ ಸುಳಿಗಳ ಬಗ್ಗೆ ಬರೆದಾಗ ಲ್ಯಾಂಡೌ ಅವರಿಗೆ ಮನವರಿಕೆಯಾಯಿತು. ಅಬ್ರಿಕೊಸೊವ್ ಅವರ ಪ್ರಬಂಧ ಅಚ್ಚಾದದ್ದು 1957ರಲ್ಲಿ. ತಮ್ಮ ಲೆಕ್ಕವನ್ನು ಯಾವ ಪ್ರಯೋಗದೊಡನೆ ಹೋಲಿಸುವುದೆಂದು ಅವರು ನೋಡಿದಾಗ, ಸೀಸ ಮತ್ತು ಥ್ಯಾಲಿಯಂ ಕುರಿತ ಶುಬ್ನಿಕೋವ್ ಅವರ ಅಳತೆಗಳು ಅಲ್ಲಿದ್ದವು. ಲೆಕ್ಕ ಚೆನ್ನಾಗಿ ಹೊಂದಿಕೊಂಡಿತು.

ಇದನ್ನು ಓದುವಾಗ ನನ್ನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡಿದ ಗೆಳೆಯ, ತನಗಾಗಿ ರಾಜೀನಾಮೆ ಕೊಟ್ಟ ಗೆಳೆಯ. ಅವನ ಅಳತೆಗಳು ಎರಡು ಬಾರಿ, 1930ರಲ್ಲೊಮ್ಮೆ 1950ರಲ್ಲೊಮ್ಮೆ, ಲ್ಯಾಂಡೌ ಅವರ ಸ್ವಂತ ಸಮೀಕರಣದ ಪಕ್ಕದಲ್ಲೇ ಇದ್ದವು. ಲ್ಯಾಂಡೌ ಅವರಂಥ ಬುದ್ಧಿ ಅದನ್ನು ದಾಟಿ ಹೋಯಿತು. ಕೊಲೆಗೀಡಾದವರ ಹೆಸರನ್ನು ಗಟ್ಟಿಯಾಗಿ ಹೇಳಲಾರದ ಆ ದಿನಗಳಲ್ಲಿ ಅವರ ಪ್ರಬಂಧಗಳನ್ನು ಚರ್ಚಿಸುವವರೂ ಇರಲಿಲ್ಲವೆಂಬುದು ಇದಕ್ಕೆ ಕಾರಣವಿರಬಹುದು. ಶುಬ್ನಿಕೋವ್ ಬದುಕಿದ್ದು, ಪ್ರತಿ ಗುರುವಾರದ ಲ್ಯಾಂಡೌ ಗೋಷ್ಠಿಯಲ್ಲಿ ಎದ್ದುನಿಂತು ತಮ್ಮ ಮಿಶ್ರಲೋಹಗಳ ಮಾತೆತ್ತಿದ್ದರೆ ಏನಾಗುತ್ತಿತ್ತೋ. ಸತ್ತವರು ಗೋಷ್ಠಿಯಲ್ಲಿ ಎದ್ದು ನಿಲ್ಲಲಾರರು.

ನಿಮ್ಮಲ್ಲಿ ಯಾರಾದರೂ ಎಂ.ಆರ್.ಐ. ಸ್ಕ್ಯಾನಿಗೆ ಮನೆಯವರನ್ನು ಕರೆದೊಯ್ದಿದ್ದರೆ, ಬೀಗದ ಕೈ, ನಾಣ್ಯ, ಸರ ಎಲ್ಲವನ್ನೂ ಹೊರಗೆ ಇರಿಸಿಕೊಂಡು ಕಾದಿದ್ದರೆ, ಆ ಯಂತ್ರದ ಸುರುಳಿಗಳನ್ನು ಸಾಮಾನ್ಯವಾಗಿ ಈ ಎರಡನೆಯ ಬಗೆಯ ಅತಿವಾಹಕದಿಂದಲೇ, ನಯೋಬಿಯಂ ಮತ್ತು ಟೈಟೇನಿಯಂ ಮಿಶ್ರಲೋಹದಿಂದ, ಮಾಡುತ್ತಾರೆಂದು ತಿಳಿಯಿರಿ. ದ್ರವ ಹೀಲಿಯಂ ಅದನ್ನು ತಂಪಾಗಿಡುತ್ತದೆ. ಶುದ್ಧ ಸೀಸ ಪಾದರಸಗಳಿಂದ ಅಂಥ ಬಲದ ಅಯಸ್ಕಾಂತವನ್ನು ಮಾಡಲಾಗದು.

1958ರಲ್ಲಿ ಲ್ಯಾಂಡೌ ಅವರಿಗೆ ಐವತ್ತು ತುಂಬಿದಾಗ ಗೆಳೆಯರು ಅವರ ಹತ್ತು ಮುಖ್ಯ ಫಲಿತಾಂಶಗಳನ್ನು ಅಮೃತಶಿಲೆಯ ಎರಡು ಹಲಗೆಗಳ ಮೇಲೆ ಕೆತ್ತಿಸಿ ಕೊಟ್ಟರು. ಮೋಶೆಯ ಕಲ್ಲಿನ ಹಲಗೆಗಳ ತಮಾಷೆಯ ಅನುಕರಣೆ ಅದು. ಅವುಗಳಲ್ಲಿ 1930ರ ಕಾಂತಗುಣದ ಸೂತ್ರವೂ ಇತ್ತು. ತಮಾಷೆಯೇ ಇರಲಿ, ಆ ಹಲಗೆಗಳನ್ನು ನೆನೆದಾಗ ಅವರ ಮನೆಯ ವಿಷಯವನ್ನೂ ಹೇಳಬೇಕಾಗುತ್ತದೆ. ಖಾರ್ಕೊವಿನಲ್ಲಿ ಪರಿಚಯವಾದ ಕೋರಾ ಅವರ ಹೆಂಡತಿ. 1946ರಲ್ಲಿ ಮಗ ಇಗೋರ್ ಹುಟ್ಟಿದ. ಮದುವೆಯೆಂದರೆ ಒಬ್ಬರನ್ನೊಬ್ಬರು ಕಟ್ಟಿಹಾಕದ ಒಪ್ಪಂದ ಎಂಬ ವಾದ ಲ್ಯಾಂಡೌ ಅವರದಾಗಿತ್ತು, ಹಾಗೆಯೇ ನಡೆದುಕೊಂಡರು. ಆ ಒಪ್ಪಂದದಲ್ಲಿ ನೊಂದವರು ಯಾರೆಂಬುದನ್ನು ಕೋರಾ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ದೊಡ್ಡವರ ಬಾಳನ್ನು ಹೇಳುವಾಗ ಇದನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ.

1962ರ ಜನವರಿ 7. ಮಾಸ್ಕೋದಿಂದ ದುಬ್ನಾಗೆ ಹೋಗುವ ರಸ್ತೆ ಹಿಮಗಟ್ಟಿ ಜಾರುತ್ತಿತ್ತು. ಲ್ಯಾಂಡೌ ಕುಳಿತಿದ್ದ ಕಾರು ಎದುರಿನ ಲಾರಿಗೆ ಬಡಿಯಿತು. ತಲೆಬುರುಡೆ, ಪಕ್ಕೆಲುಬು, ಸೊಂಟದ ಎಲುಬು ಮುರಿದವು. ವಾರಗಟ್ಟಲೆ ಪ್ರಜ್ಞೆ ಬರಲಿಲ್ಲ. ಸತ್ತೇಹೋದರೆಂದುಕೊಂಡ ಸಂದರ್ಭಗಳು ಒಂದಕ್ಕಿಂತ ಹೆಚ್ಚು. ಆಗ ಮಾಸ್ಕೋದ ಭೌತವಿಜ್ಞಾನಿಗಳು ಪಾಠ ಪ್ರಯೋಗ ಬಿಟ್ಟು ಆಸ್ಪತ್ರೆಯಲ್ಲಿ ಸರದಿಯ ಮೇಲೆ ಹಗಲಿರುಳು ಕಾದರು. ಒಬ್ಬರು ಟೆಲಿಫೋನಿನ ಬಳಿ, ಇನ್ನೊಬ್ಬರು ವಿಮಾನ ನಿಲ್ದಾಣದಲ್ಲಿ ಔಷಧಕ್ಕಾಗಿ. ಪೋಲಿಯೋ ಸಂಸ್ಥೆ ಒಂದರಿಂದ ಉಸಿರಾಟದ ಯಂತ್ರ ತರಿಸಲಾಯಿತು. ಹೊರದೇಶಗಳಿಂದ ಮದ್ದು ವಿಮಾನದಲ್ಲಿ ಬಂತು. ಕೆನಡಾದ ಪ್ರಸಿದ್ಧ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಬಂದು ನೋಡಿದರು. ಅವರ ಹರಿತ ಮಾತಿನಿಂದ ಗಾಯಗೊಂಡವರೂ ಆ ಸರದಿಯಲ್ಲಿ ಇದ್ದಿರಬೇಕು.

ಜೀವ ಉಳಿಯಿತು. ಆ ವರ್ಷದ ನೊಬೆಲ್ ಪ್ರಶಸ್ತಿ ಅವರಿಗೆ ಘೋಷಣೆಯಾದಾಗ ಸ್ಟಾಕ್‌ಹೋಮಿಗೆ ಹೋಗುವ ಸ್ಥಿತಿ ಇರಲಿಲ್ಲ. ಡಿಸೆಂಬರ್ 10ರಂದು ಸ್ವೀಡನ್ನಿನ ರಾಯಭಾರಿ ಮಾಸ್ಕೋದ ಆಸ್ಪತ್ರೆಗೇ ಬಂದು ಪದಕ ನೀಡಿದರು. ಆದರೆ ಸಂಶೋಧನೆ ಮಾಡುವ ಶಕ್ತಿ ಮತ್ತೆ ಬರಲಿಲ್ಲ. ನೆನಪು ಅಲ್ಲಲ್ಲಿ ಕಡಿದುಹೋಗಿತ್ತು, ನೋವು ಬಿಡಲಿಲ್ಲ. ಆರು ವರ್ಷ ಹಾಗೆಯೇ ಕಳೆದು, ಒಂದು ಶಸ್ತ್ರಚಿಕಿತ್ಸೆಯ ಬಳಿಕ 1968ರ ಏಪ್ರಿಲ್ 1ರಂದು ತೀರಿಕೊಂಡರು. ಮಾಸ್ಕೋದ ನೊವೊದೆವಿಚಿ ಸ್ಮಶಾನದಲ್ಲಿ ಸಮಾಧಿಯಿದೆ.

ಕಪಿತ್ಸಾ ಅವರಿಗೆ 1978ರಲ್ಲಿ ನೊಬೆಲ್ ಬಂತು. 1984ರಲ್ಲಿ ಅವರೂ ಹೋದರು. ಗಿಂಜ್‌ಬರ್ಗ್ ಮತ್ತು ಅಬ್ರಿಕೊಸೊವ್ 2003ರಲ್ಲಿ ಅದೇ ಅತಿವಾಹಕತೆಯ ಕೆಲಸಕ್ಕಾಗಿ ಪ್ರಶಸ್ತಿ ಪಡೆದರು. ಅಬ್ರಿಕೊಸೊವ್ ತಮ್ಮ ಭಾಷಣದಲ್ಲಿ ಡ್ರಾಯರಿನಲ್ಲಿ ಉಳಿದ ಕಾಗದಗಳ ಕಥೆಯನ್ನೂ, ಶುಬ್ನಿಕೋವ್ ಅವರ ಪ್ರಯೋಗವನ್ನೂ ನೆನೆದರು.

ಪೊಲೀಸ್ ಕಡತದಲ್ಲಿ ಮಾತ್ರ ಲ್ಯಾಂಡೌ ಅವರ ಮೊಕದ್ದಮೆ ಮುಗಿದಿರಲೇ ಇಲ್ಲ. ಅವರನ್ನು 1939ರಲ್ಲಿ ನಿರ್ದೋಷಿಯೆಂದು ಬಿಟ್ಟಿರಲಿಲ್ಲ. ಕಪಿತ್ಸಾ ಅವರ ಹೊಣೆಯ ಮೇಲೆ ಬಿಟ್ಟಿದ್ದರು, ಅಷ್ಟೇ. ಅಪರಾಧವೇನೂ ಇರಲಿಲ್ಲವೆಂದು ಬರೆದು ಆ ಕಡತವನ್ನು ಮುಚ್ಚಿದ್ದು 1990ರ ಜುಲೈಯಲ್ಲಿ.